ಕೊಳೆತ ಪಾಚಿಯ ಪರವಾಗಿ

ಫೆಬ್ರವರಿ 19. ಬೆಳಿಗ್ಗೆ 6-40

ಕಡಲದಡದಲ್ಲಿ ಒಂದನೆಯ ಕಂಬದಿಂದ ಮೂರನೆಯ ಕಂಬದವರೆಗೆ ಹೋಗಿ ಬಂದೆ. ಹಕ್ಕಿ ಇಲ್ಲ. ಕಾಗೆ ನಾಲ್ಕು. ನಾಯಿ ಒಂದು. ಓಟಕ್ಕೆ ಬಂದವರು ಇಬ್ಬರು — ನಾನು ಏನನ್ನು ಹುಡುಕುತ್ತಿದ್ದೇನೆಂದು ಇಬ್ಬರಿಗೂ ವಿವರಿಸಲು ಹೋದೆ. ಇಬ್ಬರೂ ವೇಗ ಹೆಚ್ಚಿಸಿದರು.

ಗಾಳಿಯಲ್ಲಿ ಚಳಿ ಇದೆ, ಆದರೆ ಮೊದಲಿನ ಸಿಟ್ಟು ಇಲ್ಲ. ಕರಪತ್ರದ ಪ್ರಕಾರ ಮರಳುಹಕ್ಕಿಗಳು ಹಿಂತಿರುಗುವ ಹೊತ್ತು ಇದೇ. ಗುಬ್ಬಿಗಿಂತ ಚೂರು ದೊಡ್ಡದು. ಬೆನ್ನು ಮರಳಿನ ಬಣ್ಣ, ಹೊಟ್ಟೆ ಬಿಳಿ, ಕುತ್ತಿಗೆಗೆ ಕಪ್ಪು ಪಟ್ಟಿ. ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಗೂಡು ಕಟ್ಟುವುದಿಲ್ಲ, ಬರಿಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಆಸ್ತಿಯಿಲ್ಲದ ಜೀವ. ಅದರ ಪರವಾಗಿ ನಿಲ್ಲದವರು ಇನ್ನಾರ ಪರವಾಗಿ ನಿಂತಾರು?

ಫೆಬ್ರವರಿ 20. ಅಂಗಡಿಯಲ್ಲಿ, ಊಟದ ಹೊತ್ತು

ಬೆಳಿಗ್ಗೆಯಿಂದ ಏಳು ಕನ್ನಡಕಕ್ಕೆ ಸ್ಕ್ರೂ ಬಿಗಿ ಮಾಡಿದೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಜನರ ಮುಖ ನೆನಪಿರುವುದಿಲ್ಲ, ಮೂಗು ನೆನಪಿರುತ್ತದೆ.

ಅಂಗಡಿಯ ಯಜಮಾನರು ಒಂದು ದೊಡ್ಡ ಕಟ್ಟು ಹಳೆಯ ಕರಪತ್ರ ತಂದಿಟ್ಟುಕೊಂಡಿದ್ದಾರೆ. ಒಂದೊಂದನ್ನೂ ಅರ್ಧಕ್ಕೆ ಹರಿದು, ಮಡಚಿ, ಹೊಸ ಕನ್ನಡಕದ ಡಬ್ಬಿಯೊಳಗೆ ತುರುಕುತ್ತಾರೆ, ಕನ್ನಡಕ ಅಲ್ಲಾಡದಿರಲಿ ಎಂದು. ಕೂಲಿಯ ಹಕ್ಕು, ಹಲ್ಲಿನ ಆರೋಗ್ಯ, ನೀರಿನ ಉಳಿತಾಯ... ಈ ಊರಿನ ಜ್ಞಾನವೆಲ್ಲ ಅರ್ಧರ್ಧವಾಗಿ ಡಬ್ಬಿಗಳಲ್ಲಿ ಹಂಚಿಹೋಗಿದೆ. ನಾನು ಕಲಿತದ್ದೆಲ್ಲ ಆ ಕಟ್ಟಿನಿಂದಲೇ. ಹಕ್ಕಿಯದು ಮೇಲಿನ ಅರ್ಧ ಸಿಕ್ಕಿತ್ತು: 'ನೀವು ಮಾಡಬೇಕಾದದ್ದು'. ಕೆಳಗಿನ ಅರ್ಧ 'ನೀವು ಮಾಡಬಾರದ್ದು' ಇರಬೇಕು. ಸಿಗಲಿಲ್ಲ. ಚಿಂತೆಯಿಲ್ಲ. ಮಾಡಬಾರದ್ದನ್ನು ಮಾಡದೆ ಕೂತವರಿಂದ ಯಾವ ಬದಲಾವಣೆಯೂ ಆಗಿಲ್ಲ.

ಮಾಡಬೇಕಾದದ್ದು ಒಂದು: ದಡವನ್ನು ಶುಚಿಯಾಗಿಡಿ. ಎರಡು: ಹಕ್ಕಿ ಕಂಡರೆ ಕಚೇರಿಗೆ ತಿಳಿಸಿ.

ಸಂಜೆ

ನಗರಸಭೆ ಕಚೇರಿಗೆ ಹೋಗಿದ್ದೆ. ಗುಮಾಸ್ತರ ಕನ್ನಡಕದ ಎಡಗಾಲು ಸಡಿಲ, ಮಾತಾಡುವಾಗ ಜಾರುತ್ತದೆ. ಫೈಲು ತೆಗೆದು ನೋಡಿ ನಿಯಮ ಹೇಳಿದರು. ಮಾರ್ಚ್ 20ಕ್ಕೆ ಸೀಸನ್ ಶುರು, ಅಂದಿನಿಂದ ದಡದ ತುಂಬ ಕುರ್ಚಿ, ಕೊಡೆ. ಅದಕ್ಕೆ ಮೊದಲು ಎಲ್ಲಾದರೂ ಮರಳುಹಕ್ಕಿ ಕಂಡದ್ದು ರುಜುವಾತಾದರೆ ಆ ಜಾಗಕ್ಕೆ ಹಗ್ಗ ಕಟ್ಟಿ, ಜುಲೈವರೆಗೆ ಯಂತ್ರ, ಕುರ್ಚಿ ಯಾವುದೂ ಬಾರದಂತೆ ಮಾಡುತ್ತಾರೆ.

"ಎರಡು ಸಾಕ್ಷಿ ಬೇಕು. ಒಬ್ರು ಹೊರಗಿನೋರು, ಒಬ್ರು ಕಚೇರಿಯೋರು. ನಿಮ್ಮ ಮನೆಯೋರು ನಡಿಯಲ್ಲ."

"ಕಚೇರಿಯಿಂದ ಯಾರು ಬರ್ತಾರೆ?"

"ನಾನೇ. ಇನ್ಯಾರು ಬರ್ತಾರೆ ಹೇಳಿ."

ಅದಕ್ಕೆಂದೇ ಅಚ್ಚಾದ ಫಾರಂ ಇಲ್ಲವಂತೆ. ಕಳೆದುಹೋದ ನಾಯಿಯ ಫಾರಂ ಕೊಟ್ಟರು. 'ಮಾಲೀಕರ ಹೆಸರು' ಎಂಬಲ್ಲಿ ಏನು ಬರೆಯಲಿ ಎಂದೆ. "ಯಾರೂ ಇಲ್ಲ ಅಂತ ಬರೀರಿ." ಎಷ್ಟು ಸರಳವಾಗಿ ಹೇಳಿಬಿಟ್ಟರು. ಇಡೀ ಸಿದ್ಧಾಂತವೇ ಅದು.

ಫೆಬ್ರವರಿ 22

ಕೆಲಸ ಶುರು. ಮೊದಲು ಶುಚಿ, ಆಮೇಲೆ ಹಕ್ಕಿ, ಆಮೇಲೆ ಹಗ್ಗ. ಕ್ರಮ ಸ್ಪಷ್ಟವಾಗಿದೆ.

ದಡದ ಮೇಲೆ ಅಲೆ ತಂದೆಸೆದು ಕಪ್ಪಗೆ ಕೊಳೆತ ಪಾಚಿ, ಮೊಣಕಾಲೆತ್ತರ. ನೊಣ. ನಾತ. ಇಂಥ ಜಾಗಕ್ಕೆ ಯಾವ ಅತಿಥಿ ಬಂದಾನು? ಕುಂಟೆ ಹಿಡಿದು ಒಂದನೆಯ ಕಂಬದಿಂದ ಎಳೆಯತೊಡಗಿದೆ. ಒಂದೂವರೆ ಗಂಟೆಯಲ್ಲಿ ಹದಿನಾರು ಹೆಜ್ಜೆ.

ನಿಜಕ್ಕೂ ಇದು ಚಿಕ್ಕಪ್ಪನ ಕೆಲಸ. ದಡ ಗುಡಿಸುವ ನಗರಸಭೆಯ ಟ್ರ್ಯಾಕ್ಟರ್ ಓಡಿಸುವುದಕ್ಕೇ ಅವರಿಗೆ ಸಂಬಳ. ಆದರೆ ಟ್ರ್ಯಾಕ್ಟರಿನ ಬೆಲ್ಟ್ ನವೆಂಬರಿನಲ್ಲಿ ಕಡಿದಿದೆ. ಎಂಟನೆಯ ಕಂಬದ ಆಚೆ, ಮರಳುದಿಬ್ಬದ ಮರೆಯಲ್ಲಿ ನಿಲ್ಲಿಸಿಕೊಂಡು, ದಿನಾ ಸರಿಯಾಗಿ ಒಂಬತ್ತಕ್ಕೆ ಹೋಗಿ, ಸೀಟು ಹಿಂದಕ್ಕೆ ಒರಗಿಸಿ, ಮುಖದ ಮೇಲೆ ಟೋಪಿ ಹಾಕಿಕೊಂಡು ಬೆಲ್ಟಿಗಾಗಿ ಕಾಯುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ. "ಚಿಕ್ಕಪ್ಪ, ಬೆಲ್ಟ್ ಯಾವಾಗ ಬರತ್ತೆ?"

"ಬರತ್ತೆ."

"ನಾಲ್ಕು ತಿಂಗಳಾಯ್ತು."

"ಅದಕ್ಕೂ ಅವಸರ ಇಲ್ಲ, ನಂಗೂ ಇಲ್ಲ. ಕರಪತ್ರಕ್ಕೇನು ಅವಸರ?"

ಕರಪತ್ರ ಎಂದರೆ ನಾನು. ಚಿಕ್ಕಮ್ಮ ಪಾತ್ರೆಯನ್ನು ಜೋರಾಗಿ ಇಟ್ಟರು. ಆ ಸದ್ದಿನ ಅರ್ಥ ಈ ಮನೆಯಲ್ಲಿ ಎಲ್ಲರಿಗೂ ಗೊತ್ತು, ಚಿಕ್ಕಪ್ಪನಿಗೆ ಬಿಟ್ಟು.

ಫೆಬ್ರವರಿ 25

ಬೆನ್ನು.

ಫೆಬ್ರವರಿ 27

ಎರಡನೆಯ ಕಂಬ ದಾಟಿದೆ. ಹೀಗೇ ಹೋದರೆ ಒಂಬತ್ತನೆಯ ಕಂಬ ಮುಟ್ಟುವಾಗ ಹಕ್ಕಿಗಳು ಬಂದು, ಮರಿ ಮಾಡಿ, ಆ ಮರಿಗಳಿಗೂ ಮದುವೆ ವಯಸ್ಸಾಗಿರುತ್ತದೆ.

ಯಂತ್ರ ಇದೆ. ಯಂತ್ರಕ್ಕೆ ಒಬ್ಬರು ಇದ್ದಾರೆ. ಆ ಒಬ್ಬರು ಮಲಗಿದ್ದಾರೆ. ಇದನ್ನು ಕಂಡೂ ಸುಮ್ಮನಿದ್ದರೆ ನಾನು ಓದಿದ್ದಕ್ಕೇನು ಬೆಲೆ?

ಒಂಬತ್ತನೆಯ ವಯಸ್ಸಿನಿಂದ ಸಾಕಿದವರು. ಸೈಕಲ್ ಕಲಿಸಿದವರು. ಹಿಡಿದುಕೊಂಡಿದ್ದೇನೆ ಎನ್ನುತ್ತಲೇ ಕೈಬಿಟ್ಟು, ಮರದ ಕೆಳಗೆ ಹೋಗಿ ಕೂತವರು... ಆಗಲೇ ಅರ್ಥವಾಗಬೇಕಿತ್ತು. ಇಲ್ಲ. ಸಂಬಂಧ ಒಂದು ಕಡೆ, ತತ್ವ ಒಂದು ಕಡೆ.

ದೂರು ಬರೆದೆ. ಮೂರು ಪುಟ. 'ಸೋಮಾರಿ' ಎಂಬ ಮಾತನ್ನು ನಾಲ್ಕು ಕಡೆ ಬಳಸಿದ್ದೆ, ಆಮೇಲೆ ಕರುಣೆ ಬಂದು ಒಂದನ್ನು ಹೊಡೆದುಹಾಕಿದೆ. ಕೆಳಗೆ ನನ್ನ ಸಹಿ. ಹೆಸರಿಲ್ಲದ ಪತ್ರ ಹೇಡಿಗಳದು.

ಮಾರ್ಚ್ 2

ನಾಲ್ಕು ತಿಂಗಳು ಬಾರದ ಬೆಲ್ಟ್ ಎರಡು ದಿನದಲ್ಲಿ ಬಂತು. ಬರವಣಿಗೆಯ ಶಕ್ತಿ.

ಚಿಕ್ಕಪ್ಪನನ್ನು ಕಚೇರಿಗೆ ಕರೆಸಿ, ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳಿದರಂತೆ. ನಾಲ್ಕನೆಯ ಕಂಬದಿಂದ ಒಂಬತ್ತರವರೆಗೆ, ಇಪ್ಪತ್ತನೇ ತಾರೀಖಿನೊಳಗೆ ಒಂದು ಎಳೆ ಪಾಚಿ ಉಳಿಯಬಾರದು ಎಂದು ಆರ್ಡರ್ ಕೊಟ್ಟಿದ್ದಾರೆ.

ಮನೆಗೆ ಬಂದು ಟೋಪಿಯನ್ನು ಮೊಳೆಗೆ ನೇತುಹಾಕಿದರು. ನನ್ನ ಕಡೆ ನೋಡಲಿಲ್ಲ. ಚಿಕ್ಕಮ್ಮನಿಗೆ ಹೇಳಿದರು: "ನಾಳೆಯಿಂದ ಐದಕ್ಕೆ ಎಬ್ಬಿಸು."

ಚಿಕ್ಕಮ್ಮನ ಕೈಯಿಂದ ಸೌಟು ಜಾರಿತು.

ಮಾರ್ಚ್ 5

ಚಿಕ್ಕಪ್ಪ ನನ್ನ ಜೊತೆ ಮಾತಾಡುವುದಿಲ್ಲ. ಬೇಕಾದ್ದನ್ನು ಚಿಕ್ಕಮ್ಮನ ಮೂಲಕ ಹೇಳುತ್ತಾರೆ, ನಾನು ಎದುರಿಗೇ ಕೂತಿದ್ದರೂ. "ಆ ಮಹಾತಾಯಿಗೆ ಉಪ್ಪು ಈ ಕಡೆ ಸರಿಸೋಕೆ ಹೇಳು." ಉಪ್ಪು ಸರಿಸಿದೆ. "ಮುಟ್ಟಿತು ಅಂತ ಹೇಳು."

ಐದಕ್ಕೆ ಏಳುತ್ತಾರೆ. ಶೂಗೆ ಪಾಲಿಶ್. ಕತ್ತಲಾದ ಮೇಲೆ ಮರಳು ಮೆತ್ತಿಕೊಂಡು ಬರುತ್ತಾರೆ. ನಾಲ್ಕನೆಯ ಕಂಬದ ಸುತ್ತ ದಡ ಕಡಪಕಲ್ಲು ಒರೆಸಿದ ಹಾಗಿದೆಯಂತೆ.

ಚಿಕ್ಕಮ್ಮ ಹಾಲಿನ ಕೆನೆ ನನ್ನ ಲೋಟಕ್ಕೇ ಹಾಕುತ್ತಿದ್ದಾರೆ. "ಇಪ್ಪತ್ತೆರಡು ವರ್ಷ ನನ್ನ ಬಾಯಿ ಬಿದ್ದುಹೋಯ್ತಲ್ಲೇ. ಮೂರೇ ಪುಟದಲ್ಲಿ ಎಬ್ಬಿಸಿಬಿಟ್ಯಲ್ಲ. ನಂಗೆ ಬರಿಯೋಕೆ ಬರ್ತಿದ್ರೆ ಮದ್ವೆಯಾದ ವಾರಕ್ಕೇ ಬರೀತಿದ್ದೆ."

ಗೆದ್ದಿದ್ದೇನೆ. ಗೆದ್ದವರಿಗೆ ಊಟ ಸೇರುವುದಿಲ್ಲ ಎಂದು ಯಾವ ಕರಪತ್ರವೂ ಹೇಳಿರಲಿಲ್ಲ.

ಮಾರ್ಚ್ 11. ಬೆಳಿಗ್ಗೆ 6-15

ಒಂದರಿಂದ ಮೂರನೆಯ ಕಂಬ — ಪೂರ್ತಿ ಶುಚಿ. ಬೆಳ್ಳಗೆ, ನುಣ್ಣಗೆ, ನನ್ನ ಕುಂಟೆಯ ಗೆರೆಗಳು ಸಾಲಾಗಿ. ಆರು ದಿನದಿಂದ ಇಲ್ಲೇ ಕೂತು ನೋಡುತ್ತಿದ್ದೇನೆ, ಯಜಮಾನರ ದುರ್ಬೀನು ಹಿಡಿದು.

ಹಕ್ಕಿ ಇಲ್ಲ. ಕಾಗೆಯೂ ಇಲ್ಲ. ನಾಯಿ ಬಂದು, ಮೂಸಲು ಏನೂ ಸಿಗದೆ, ನನ್ನನ್ನು ಮೂಸಿ ಹೋಯಿತು.

ಮಾರ್ಚ್ 12. ಮಧ್ಯಾಹ್ನ

ಗುಮಾಸ್ತರು ಅಂಗಡಿಗೆ ಬಂದರು, ಕನ್ನಡಕ ಕೈಯಲ್ಲಿ, ಎರಡು ತುಂಡು. ಫೈಲಿನ ಮೇಲಿಟ್ಟು, ಅದರ ಮೇಲೆ ಇನ್ನೊಂದು ಫೈಲಿಟ್ಟು, ಅದರ ಮೇಲೆ ಮೊಣಕೈ ಊರಿದ್ದಾರೆ. ಗಾಜೂ ಹೋಗಿದೆ. ಹೊಸದು ತಯಾರಾಗಿ ಬರುವುದು ಇಪ್ಪತ್ತೊಂದಕ್ಕೆ.

"ಹಳೇ ಡಬ್ಬಿಯಾದ್ರೂ ಇಟ್ಕೊಳ್ಳಿ, ಹೊಸದನ್ನ ಇದರಲ್ಲೇ ಹಾಕ್ಕೊಡಿ" ಎಂದು ಡಬ್ಬಿ ಕೊಟ್ಟರು, ನನಗಲ್ಲ, ಪಕ್ಕದಲ್ಲಿದ್ದ ಕನ್ನಡಿಗೆ.

ಡಬ್ಬಿ ತೆರೆದೆ. ಒಳಗೆ ಮಡಚಿದ ಕಾಗದ. 'ನೀವು ಮಾಡಬಾರದ್ದು.'

ಒಂದು: ಶುಚಿ ಮಾಡುವುದೆಂದರೆ ಪ್ಲಾಸ್ಟಿಕ್, ಗಾಜು, ಬಲೆಯ ತುಂಡು ತೆಗೆಯುವುದು ಮಾತ್ರ. ಕೊಳೆತ ಪಾಚಿಯನ್ನು ಮುಟ್ಟಬೇಡಿ. ಹಕ್ಕಿಗಳು ಬದುಕುವುದು ಅದರಲ್ಲಿ ಹುಟ್ಟುವ ಹುಳುಗಳನ್ನು ತಿಂದು. ಪಾಚಿ ತೆಗೆದ ದಡ ಅವುಗಳ ಪಾಲಿಗೆ ಬರಿದಾದ ತಟ್ಟೆ.

ಎರಡು: ದಡದ ಮೇಲೆ ಟ್ರ್ಯಾಕ್ಟರ್

ಮಾರ್ಚ್ 15. ಬೆಳಿಗ್ಗೆ 7-00

ಮೂರು ದಿನ ಬರೆಯಲಿಲ್ಲ. ಏನು ಬರೆಯುವುದು? ಬೆನ್ನು ಮುರಿದುಕೊಂಡು ಅತಿಥಿಗಳ ತಟ್ಟೆ ತೊಳೆದು, ಕವುಚಿ ಹಾಕಿದ್ದೇನೆ.

ಇವತ್ತು ತಲೆ ಕೆಟ್ಟು ನಡೆಯುತ್ತಲೇ ಹೋದೆ. ನಾಲ್ಕು, ಐದು, ಆರು — ಕಡಪಕಲ್ಲು. ಆರನೆಯ ಕಂಬದ ಹತ್ತಿರ ಟ್ರ್ಯಾಕ್ಟರ್ ಗುರುಗುಟ್ಟುತ್ತಿತ್ತು. ಚಿಕ್ಕಪ್ಪ ಮುಖ ಆ ಕಡೆ ತಿರುಗಿಸಿದರು. ಅಲ್ಲಿಂದಾಚೆ ಪಾಚಿ ಶುರು. ಕಾಲು ಹೂತುಹೋಗುವಷ್ಟು. ನವೆಂಬರಿನಿಂದ ಯಾರೂ ಮುಟ್ಟಿಲ್ಲ. ನಾತ ಮೂಗಿಗೆ ಹೊಡೆಯಿತು.

ಎಂಟನೆಯ ಕಂಬದ ಹತ್ತಿರ ಒಂದು ಮರಳಿನ ಉಂಡೆ ಓಡಿತು. ನಿಂತಿತು. ಓಡಿತು.

ದುರ್ಬೀನು ಕಣ್ಣಿಗೇರಿಸಿದೆ. ಕಪ್ಪು ಪಟ್ಟಿ. ಬಿಳಿ ಹೊಟ್ಟೆ. ಪಾಚಿಯ ಅಂಚಿನಲ್ಲಿ ಏನನ್ನೋ ಹೆಕ್ಕಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಿದೆ — ಒಂಬತ್ತು. ಟ್ರ್ಯಾಕ್ಟರ್ ನಿಲ್ಲಿಸುತ್ತಿದ್ದ ದಿಬ್ಬದ ಬುಡದಲ್ಲಿ, ಚಿಕ್ಕಪ್ಪ ನಾಲ್ಕು ತಿಂಗಳು ಮಲಗಿದ ಜಾಗದ ಸುತ್ತಲೇ.

ಮರಳಿನ ಮೇಲೆ ಕೂತು ಅತ್ತೆ. ಗಾಳಿ ಜೋರಾಗಿತ್ತು, ಕಣ್ಣಿಗೆ ಮರಳು ಬಿತ್ತು ಎಂದೂ ಹೇಳಬಹುದು.

ಮೊದಲು ದಿನಕ್ಕೆ ಕಾಲು ಕಂಬದಷ್ಟು ಗುಡಿಸುತ್ತಿದ್ದರು. ಈಗ ತಾರೀಖು ಹತ್ತಿರ ಬಂದ ಹುರುಪಿನಲ್ಲಿ ಒಂದು. ನನ್ನ ಲೆಕ್ಕಕ್ಕೆ ಹದಿನೇಳರ ಬೆಳಿಗ್ಗೆ ಎಂಟನೆಯ ಕಂಬ.

ಮಾರ್ಚ್ 16

ಕಚೇರಿಗೆ ಹೋಗಿ ದೂರು ವಾಪಸ್ ಕೊಡಿ ಎಂದೆ. ಗುಮಾಸ್ತರು ಕಾಗದವನ್ನು ಮೂಗಿಗೆ ಅಂಟಿಸಿಕೊಂಡು ಓದುತ್ತಿದ್ದರು.

"ನಿಮ್ಮ ದೂರು ಸಾಹೇಬ್ರಿಗೆ ಬಹಳ ಹಿಡಿಸಿದೆ. ಎಲ್ಲಾ ಸೆಕ್ಷನ್‌ಗೂ ಕಾಪಿ ಹೋಗಿದೆ. ಕೆಲ್ಸ ನಿಲ್ಲಿಸ್ಬೇಕಾದ್ರೆ ಒಂದೇ ದಾರಿ, ಹಕ್ಕಿ ಫಾರಂ."

"ಹಾಗಾದ್ರೆ ನಾಳೆ ಬೆಳಿಗ್ಗೆ ಬಂದು ನೋಡಿ ಸಾರ್."

"ಬರ್ತೀನಿ. ನೋಡೋದು ಹೇಗೆ? ಈಗ ನೀವೇ ನಂಗೆ ಎರಡು ಕಾಣ್ತಿದೀರಿ. ಕಾಣದ್ದಕ್ಕೆ ನಾನು ಸಹಿ ಹಾಕಲ್ಲ." ನಿಷ್ಠಾವಂತರು. ಇಂಥವರೇ ಬೇಕು ಎಂದು ನಾನೇ ಎಷ್ಟು ಸಲ ಬರೆದಿಲ್ಲ...

ಚಿಕ್ಕಪ್ಪನಿಗೆ ಚಿಕ್ಕಮ್ಮನ ಮೂಲಕ ಹೇಳಿಸಲು ನೋಡಿದೆ. "ಎರಡು ದಿನ ರಜಾ ಹಾಕೋಕೆ ಹೇಳಿ ಚಿಕ್ಕಮ್ಮ."

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹುಷಾರಾಗಿದೀಯಾ? ಕಷ್ಟಪಟ್ಟು ಎಬ್ಬಿಸಿದೋಳು ನೀನೇ, ಮಲಗಿಸೋಳೂ ನೀನೇನಾ?"

ಒಳಗಿನಿಂದ ಶೂ ಉಜ್ಜುವ ಸದ್ದು ನಿಂತಿತು. ಮತ್ತೆ ಶುರುವಾಯಿತು.

ಯಜಮಾನರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಕಣ್ಣಿನದು ತಾನೇ ಸಮಸ್ಯೆ? ಅದು ನಮ್ಮ ಲೈನು. ಆರೂವರೆಗೆ ಬರ್ತೀನಿ."

ಮಾರ್ಚ್ 17. ಮಧ್ಯಾಹ್ನ

ಮೊದಲಿಂದ ಬರೆಯುತ್ತೇನೆ.

ಆರೂವರೆಗೆ ಎಂಟನೆಯ ಕಂಬದ ಹತ್ತಿರ ಮೂವರು. ನಾನು, ಯಜಮಾನರು, ನನ್ನ ತೋಳು ಹಿಡಿದುಕೊಂಡು ಗುಮಾಸ್ತರು. ಯಜಮಾನರ ಕೈಯಲ್ಲಿ ಅಂಗಡಿಯ ಲೆನ್ಸ್ ಪೆಟ್ಟಿಗೆ, ಕಣ್ಣು ಪರೀಕ್ಷೆಯ ದುಂಡು ಫ್ರೇಮು. ಮರಳಿನ ಮೇಲೆ ಕುರ್ಚಿ ಇಲ್ಲದ್ದರಿಂದ ಗುಮಾಸ್ತರನ್ನು ಒಂದು ಬೋರಲು ಬುಟ್ಟಿಯ ಮೇಲೆ ಕೂರಿಸಿ ಫ್ರೇಮು ತೊಡಿಸಿದರು.

ಹಕ್ಕಿಗಳು ಮೂವತ್ತು ಹೆಜ್ಜೆ ದೂರದಲ್ಲಿ ತಿಂಡಿಗೆ ಕೂತಿದ್ದವು.

"ಇದು ಸ್ಪಷ್ಟವಾ, ಇದಾ?" ಯಜಮಾನರು ಲೆನ್ಸ್ ಬದಲಿಸಿದರು.

"ಮೊದಲನೇದು. ಅಲ್ಲ, ಎರಡನೇದು. ಇನ್ನೊಂದ್ಸಲ ತೋರಿಸಿ."

"ಈಗ ಏನು ಕಾಣತ್ತೆ?"

"ಸಮುದ್ರ."

"ಅದಕ್ಕಿಂತ ಚಿಕ್ಕದು ನೋಡಿ."

ಟ್ರ್ಯಾಕ್ಟರ್ ಏಳನೆಯ ಕಂಬ ದಾಟಿತು. ಹಿಂದೆ ಹಲ್ಲುಹಲ್ಲಿನ ಕುಂಟೆ, ಪಾಚಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿಕೊಂಡು ಬರುತ್ತಿದೆ. ಇತ್ತ ಯಜಮಾನರು, ಮದುವೆಗೆ ಬಂದವರಿಗೆ ಬಡಿಸುವಷ್ಟು ನಿಧಾನವಾಗಿ, ಎಡಗಣ್ಣು ಮುಗಿಸಿ ಬಲಗಣ್ಣಿಗೆ ಹೋದರು. ಅವಸರ ಮಾಡಿದರೆ ನಂಬರ್ ತಪ್ಪುತ್ತದಂತೆ.

ನಾನು ಓಡಿದೆ. ಪಾಚಿಯಲ್ಲಿ ಎರಡು ಸಲ ಬಿದ್ದೆ. ಹೋಗಿ ಟ್ರ್ಯಾಕ್ಟರಿನ ಮುಂದೆ ಕೈ ಅಗಲಿಸಿ ನಿಂತೆ. ಎಷ್ಟೋ ವರ್ಷದಿಂದ ಹೀಗೆ ಒಂದು ಯಂತ್ರದ ಮುಂದೆ ನಿಲ್ಲಬೇಕೆಂದುಕೊಂಡಿದ್ದೆ. ನಿಂತಾಗ ಮುಖದ ತುಂಬ ಪಾಚಿ ಇರುತ್ತದೆಂದುಕೊಂಡಿರಲಿಲ್ಲ.

ಒಂದು ಮಾರು ದೂರದಲ್ಲಿ ನಿಂತಿತು. ಚಿಕ್ಕಪ್ಪ ಎಂಜಿನ್ ಆರಿಸಿದರು. ನನ್ನ ತಲೆಯ ಮೇಲಿಂದ ಯಜಮಾನರಿಗೆ ಕೂಗಿ ಹೇಳಿದರು: "ಸಾರ್, ಆ ಹುಡುಗಿಗೆ ಪಕ್ಕಕ್ಕೆ ಸರಿಯೋಕೆ ಹೇಳಿ. ಡ್ಯೂಟಿ ಟೈಮು."

"ಚಿಕ್ಕಪ್ಪ, ತಪ್ಪಾಯ್ತು."

"ಏನೋ ಅಂದ ಹಾಗಾಯ್ತು ಸಾರ್. ಗಾಳಿ ಇರ್ಬೇಕು."

"ತಪ್ಪಾಯ್ತು ಚಿಕ್ಕಪ್ಪ. ಪಾಚಿ ಇರ್ಬೇಕಿತ್ತು. ನೀವು ಗುಡಿಸದೇ ಇದ್ದದ್ದೇ ಸರಿ. ನಾನು ಅರ್ಧ ಮಾತ್ರ ಓದಿದ್ದೆ."

ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಯೋಚಿಸಿದರು. "ಬಾಯಲ್ಲಿ ಹೇಳಿದ್ರೆ ನಡಿಯಲ್ಲ ಅಂತ ಹೇಳಿ ಸಾರ್. ನನ್ನ ಮೇಲೆ ಬರೆದಿದ್ದು ಮೂರು ಪುಟ. ವಾಪಸ್ ತಗೊಳೋದೂ ಮೂರು ಪುಟ ಇರ್ಬೇಕು. ಅಲ್ಲೀವರ್ಗೂ ಎಂಜಿನ್ ಆಫ್."

ಈ ದಿನಚರಿಯಿಂದಲೇ ಹಾಳೆ ಹರಿದು, ಬಾನೆಟ್ ಮೇಲಿಟ್ಟು ಬರೆದೆ. ಬಿಸಿಗೆ ಅಂಗೈ ಸುಟ್ಟಿತು. 'ಸದರಿ ಚಾಲಕರು ಕಳೆದ ನವೆಂಬರಿನಿಂದ ಏನೊಂದನ್ನೂ ಮಾಡದೆ ಇದ್ದುದರಿಂದ ಹಕ್ಕಿಗಳಿಗೆ ಅಪಾರ ಉಪಕಾರವಾಗಿದ್ದು, ಮುಂದೆಯೂ ಅವರಿಗೆ ಏನೊಂದನ್ನೂ ಮಾಡದಿರಲು ಅವಕಾಶ ಕಲ್ಪಿಸಿಕೊಡಬೇಕಾಗಿ ಪ್ರಾರ್ಥನೆ.' ಇಂಥ ಸಾಲು ನನ್ನ ಪೆನ್ನಿನಿಂದ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬರೆಯುತ್ತ ಹೋದ ಹಾಗೆ, ಎಲ್ಲವೂ ನಿಜ ಅನ್ನಿಸಿತು. ಅದು ಇನ್ನೂ ಕಷ್ಟ.

ಎರಡನೆಯ ಪುಟದ ನಡುವಿನಲ್ಲಿರುವಾಗ ಹಿಂದಿನಿಂದ ಗುಮಾಸ್ತರ ಧ್ವನಿ, ತುಂಬ ಮೆಲ್ಲಗೆ: "ಅಯ್ಯೋ, ಅದಕ್ಕೆ ಕಾಲಿದೆ."

ಬುಟ್ಟಿಯ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಫ್ರೇಮಿನಲ್ಲಿ ಒಂದೊಂದು ಕಣ್ಣಿಗೂ ಮೂರು ಮೂರು ಗಾಜು. "ಹದಿನೆಂಟು ವರ್ಷದಿಂದ ಇದರ ಫೈಲು ನನ್ನ ಮೇಜಿನ ಮೇಲೇ ಇದೆ" ಎಂದರು. "ನೋಡಿದ್ದು ಇವತ್ತೇ."

ಇಬ್ಬರೂ ಸಹಿ ಹಾಕಿದರು. ನಾಯಿಯ ಫಾರಂ. ಮಾಲೀಕರು: ಯಾರೂ ಇಲ್ಲ.

ಚಿಕ್ಕಪ್ಪ ನನ್ನ ಮೂರು ಪುಟವನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು.

"ಸೋಮಾರಿ ಅನ್ನೋದು ಇದರಲ್ಲೂ ಇದೆ ಸಾರ್."

"ಅದು ನಿಜ ಚಿಕ್ಕಪ್ಪ."

"ಹ್ಞೂಂ. ಇರ್ಲಿ ಬಿಡು." ಹದಿನೈದು ದಿನದಲ್ಲಿ ನನಗೆ ಹೇಳಿದ ಮೊದಲ ಮಾತು.

"ಇವು ಇಲ್ಲಿ ಬರೋದು ನಿಮಗೆ ಗೊತ್ತಿತ್ತಾ? ಅದಕ್ಕೇ ಬೆಲ್ಟ್..."

ನನ್ನ ಕಣ್ಣಿನಲ್ಲಿ ಏನು ಕಂಡಿತೋ, ತಕ್ಷಣ ತಡೆದರು. "ನೋಡು ಕರಪತ್ರ, ನನ್ನನ್ನ ಮಹಾತ್ಮ ಮಾಡ್ಬೇಡ. ಪ್ರತಿ ವರ್ಷ ಈ ಹೊತ್ತಿಗೆ ನಂಗೆ ನಿದ್ದೆ ಬರತ್ತೆ, ಅವೂ ಬರ್ತವೆ. ನಾನು ಎರಡನ್ನೂ ತಡಿಯೋಕೆ ಹೋಗಿಲ್ಲ. ಅಷ್ಟೇ."

ಮಾರ್ಚ್ 19

ಹಗ್ಗ ಕಟ್ಟಿದರು. ಏಳರಿಂದ ಒಂಬತ್ತನೆಯ ಕಂಬದವರೆಗೆ, ಜುಲೈ ಮುಗಿಯುವ ತನಕ. ಟ್ರ್ಯಾಕ್ಟರ್ ಹಗ್ಗದ ಒಳಗೇ ಉಳಿದಿದೆ. ಅದರ ಮುಂದಿನ ಚಕ್ರದ ಪಕ್ಕದಲ್ಲೇ ಒಂದು ಜೋಡಿ ಮರಳಿನಲ್ಲಿ ಎದೆ ಒತ್ತಿ ಒತ್ತಿ ಗುಳಿ ಮಾಡಿಕೊಳ್ಳುತ್ತಿದೆ. ಆದ್ದರಿಂದ ಕಚೇರಿಯ ಹೊಸ ಆರ್ಡರ್: ವಾಹನವನ್ನು ಅಲುಗಿಸಕೂಡದು. ಸದರಿ ಚಾಲಕರು ಪ್ರತಿದಿನ ಅದರಲ್ಲೇ ಕೂತು, ಸದ್ದು ಮಾಡದೆ, ಕಾವಲಿರತಕ್ಕದ್ದು.

ಚಿಕ್ಕಪ್ಪ ಆ ಆರ್ಡರನ್ನು ಕಟ್ಟು ಹಾಕಿಸಲು ಕೊಟ್ಟಿದ್ದಾರೆ.

ಚಿಕ್ಕಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. "ಆ ಮಹಾತಾಯಿಗೆ ಹೇಳಿ, ಇಪ್ಪತ್ತೆರಡು ವರ್ಷದಲ್ಲಿ ನಂಗೆ ಸಿಕ್ಕಿದ್ದು ಹದಿನಾಲ್ಕು ದಿನ." ಚಿಕ್ಕಪ್ಪ ನನಗೆ ಹೇಳಿದರು. ಕೆನೆ ಈಗ ಬೆಕ್ಕಿಗೆ ಹೋಗುತ್ತಿದೆ.

ಮಾರ್ಚ್ 21. ಬೆಳಿಗ್ಗೆ 6-50. ಟ್ರ್ಯಾಕ್ಟರಿನಲ್ಲಿ

ರಜೆ. ಚಿಕ್ಕಪ್ಪನ ಜೊತೆ ಕಾವಲಿಗೆ ಬಂದಿದ್ದೇನೆ. ಅವರು ಕಾವಲು ಶುರು ಮಾಡಿ ಹತ್ತು ನಿಮಿಷವಾಯಿತು. ಟೋಪಿ ಮುಖದ ಮೇಲೆ, ಉಸಿರಿಗೆ ಮೇಲೆ ಕೆಳಗೆ ಆಡುತ್ತಿದೆ.

ದೂರ, ನಾನು ಶುಚಿ ಮಾಡಿದ ಕಡೆ, ಕುರ್ಚಿ ಕೊಡೆಗಳು ಎದ್ದಿವೆ. ಎಷ್ಟು ಅನುಕೂಲ ಮಾಡಿಕೊಟ್ಟಿದ್ದೇನೆ ಅವರಿಗೆ...

ಹೊಸ ಕರಪತ್ರ ಬರೆಯಬೇಕೆಂದಿದ್ದೆ: 'ಕೊಳೆತ ಪಾಚಿಯ ಪರವಾಗಿ'. ಒಂದೇ ಬದಿಯಲ್ಲಿ, ಯಜಮಾನರಿಗೆ ಹರಿಯಲಾಗದಷ್ಟು ಚಿಕ್ಕದಾಗಿ. ಮೊದಲ ಸಾಲು ಆಗಲೇ ಹೊಳೆದಿದೆ. ಬಂಧುಗಳೇ, ಏನನ್ನೂ ಮಾಡದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು

ತಡೆ. ಚಕ್ರದ ಹತ್ತಿರ ಹೆಣ್ಣುಹಕ್ಕಿ ಬಂತು. ಗುಳಿಯಲ್ಲಿ ಕೂತಿತು. ಎದ್ದಿತು. ಕೆಳಗೆ ಒಂದು ಮೊಟ್ಟೆ, ಚುಕ್ಕೆ ಚುಕ್ಕೆ, ಮರಳೋ ಮೊಟ್ಟೆಯೋ ತಿಳಿಯದ ಹಾಗೆ. ಮತ್ತೆ ಕೂತಿತು. ಚಿಕ್ಕಪ್ಪನ ಗೊರಕೆಗೆ ಕತ್ತು ಕೂಡ ತಿರುಗಿಸುವುದಿಲ್ಲ, ಅಭ್ಯಾಸವಾಗಿದೆ. ಆದರೆ ಕಾಗದದ ಮೇಲೆ ಈ ಪೆನ್ನು ಕರಕರ ಎಂದಾಗಲೆಲ್ಲ ತಲೆ ಎತ್ತಿ ನನ್ನನ್ನೇ ನೋಡುತ್ತಿದೆ. ಈಗಲೂ. ಬರೆಯುವುದನ್ನು ನಿ